ಮುಟ್ಟು ನಿಲ್ಲೋ ಹೊತ್ತಿನ ಲೆಕ್ಕ: ಏನು ಬರೆದಿಡಬೇಕು, ಯಾವ ಟೆಸ್ಟ್ ಬೇಕು, ಯಾವುದು ಬೇಡ

ಕಾಫಿಹೂವು, ಮೂಡಿಗೆರೆ

40 ದಾಟಿದ ಹೆಂಗಸರು ತಿಂಗಳ ಲೆಕ್ಕ ಬರೆದಿಡೋಕೆ ಒಂದೇ ಪುಟದ ನಮೂನೆ ಬೇಕಿತ್ತು, ಸ್ತ್ರೀಶಕ್ತಿ ಸಂಘಗಳಲ್ಲಿ ಹಂಚೋಕೆ. ಆಪ್ ಆಗಲ್ಲ. ಎಸ್ಟೇಟ್ ಲೈನ್‌ಗಳಲ್ಲಿ ನೆಟ್‌ವರ್ಕ್ ಇರಲ್ಲ, ಇದ್ರೂ ಫೋನ್ ಮಗನ ಕೈಲಿರುತ್ತೆ. ಕನಿಷ್ಠ ಯಾವ್ಯಾವ ಕಲಂ ಇರಬೇಕು? ಜೊತೆಗೆ ಇನ್ನೊಂದು. ಪೇಟೆ ಲ್ಯಾಬ್‌ಗಳಲ್ಲಿ ‘ಮಹಿಳಾ ಹಾರ್ಮೋನ್ ಪ್ಯಾಕೇಜ್’ ಅಂತ ಬೋರ್ಡು ಬಿದ್ದಿದೆ. ಅದನ್ನ ಒಂದ್ಸಲ ಮಾಡಿಸಿಬಿಟ್ರೆ ಬರೆಯೋ ತಾಪತ್ರಯ ಇರಲ್ವಲ್ಲ ಅಂತ ಎಲ್ಲರೂ ಕೇಳ್ತಾರೆ.

ಹೇಮಾವತಿ, ಹಾಸನ (ಸ್ತ್ರೀರೋಗ ವೈದ್ಯೆ)

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. 45 ದಾಟಿದವರಿಗೆ ಮುಟ್ಟು ಏರುಪೇರಾಗಿ ಮೈ ಝಳ ಬರುತ್ತಿದ್ದರೆ, ಇದು ಋತುಬಂಧದ ಹಾದಿ ಎಂದು ಹೇಳಲು ಹಾರ್ಮೋನ್ ಟೆಸ್ಟ್ ಬೇಕಿಲ್ಲ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ 2015ರಿಂದ ಇದನ್ನೇ ಹೇಳುತ್ತಿದೆ. ಅಂಡಾಶಯ ಮಂದವಾದಂತೆ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚೆಚ್ಚು ಸುರಿಸುತ್ತದೆ, ನಿಜ. ಆದರೆ ಈ ವಯಸ್ಸಿನ ಅಂಡಾಶಯ ಒಂದು ತಿಂಗಳು ಮಲಗಿ ಮರುತಿಂಗಳು ಎದ್ದು ಕೂರುತ್ತದೆ. ಈ ತಿಂಗಳು 38 ಬಂದದ್ದು ಬರುವ ತಿಂಗಳು 9ಕ್ಕೆ ಇಳಿಯಬಹುದು. ಒಂದು ದಿನದ ರಕ್ತಕ್ಕೆ ದುಡ್ಡು ಕೊಟ್ಟು ಆ ಒಂದು ದಿನದ ಸಂಖ್ಯೆ ತಂದ ಹಾಗಾಯಿತು, ಅಷ್ಟೇ. ಆರು ತಿಂಗಳ ತಾರೀಕುಗಳಿದ್ದರೆ ನಮಗೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ತಾರೀಕು ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮೊದಲ ದಿನ ಎಂದರೆ ಸರಿಯಾಗಿ ಸ್ರಾವ ಶುರುವಾದ ದಿನ, ಅದರ ಹಿಂದಿನ ದಿನದ ಕಂದು ಕಲೆ ಅಲ್ಲ. ಒಂದು ಮೊದಲ ದಿನದಿಂದ ಇನ್ನೊಂದು ಮೊದಲ ದಿನಕ್ಕೆ ಎಷ್ಟು ದಿನ ಎಂಬುದು ಚಕ್ರ. ಸ್ನಾನ ಮಾಡಿದ ದಿನದಿಂದ ಎಣಿಸುವ ರೂಢಿ ನಮ್ಮ ಕಡೆ ಬಹಳ. ಹಾಗೆ ಎಣಿಸಿದರೆ ಐದಾರು ದಿನ ಎಲ್ಲೋ ಕಳೆದುಹೋಗುತ್ತವೆ.

ಉದಾಹರಣೆಗೆ ಒಂದು ಪುಟ ಹೀಗಿರಲಿ: ಜನವರಿ 4, ಫೆಬ್ರವರಿ 1, ಫೆಬ್ರವರಿ 24, ಮಾರ್ಚ್ 30, ಏಪ್ರಿಲ್ 25, ಜೂನ್ 28. ಚಕ್ರಗಳು 28, 23, 34, 26, 64 ದಿನ. ಈಗ ಅಕ್ಕಪಕ್ಕದ ಎರಡೆರಡನ್ನು ಕಳೆಯಿರಿ. 28 ಮತ್ತು 23ಕ್ಕೆ 5 ದಿನದ ಅಂತರ, ಅದು ಲೆಕ್ಕಕ್ಕಿಲ್ಲ. 23 ಮತ್ತು 34ಕ್ಕೆ 11. 34 ಮತ್ತು 26ಕ್ಕೆ 8. ಅಕ್ಕಪಕ್ಕದ ಚಕ್ರಗಳ ನಡುವೆ 7 ದಿನ ಅಥವಾ ಹೆಚ್ಚಿನ ಅಂತರ ಬಂದು, ಹತ್ತು ಚಕ್ರದೊಳಗೆ ಅದು ಮತ್ತೆ ಬಂದರೆ ಬದಲಾವಣೆಯ ಮೊದಲ ಹಂತ. 60 ದಿನ ಅಥವಾ ಹೆಚ್ಚು ಮುಟ್ಟೇ ಇಲ್ಲದ ಚಕ್ರ ಬಂದರೆ ಎರಡನೇ ಹಂತ. ಇಲ್ಲಿ ಜೂನ್ 28 ಅದನ್ನು ಹೇಳುತ್ತಿದೆ. ಎರಡನೇ ಹಂತ ಸಾಮಾನ್ಯವಾಗಿ 1ರಿಂದ 3 ವರ್ಷ. 2011ರ ಸ್ಟ್ರಾ+10 ಎಂಬ ತಜ್ಞರ ಕಾರ್ಯಾಗಾರದಲ್ಲಿ ಗೊತ್ತುಮಾಡಿದ ಹಂತಗಳಿವು. ಇದಕ್ಕೆ ಬೇಕಾದದ್ದು ಕ್ಯಾಲೆಂಡರ್ ಮತ್ತು ಕಳೆಯುವ ಲೆಕ್ಕ, ಬೇರೇನೂ ಅಲ್ಲ.

ಪೂರ್ತಿ 12 ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆಯೇ ‘ನಿಂತಿತು’ ಎನ್ನುವುದು. ನಮ್ಮ ದೇಶದಲ್ಲಿ ಸರಾಸರಿ 46–47ಕ್ಕೆ ನಿಲ್ಲುತ್ತದೆ, ಪಶ್ಚಿಮದವರ ಪುಸ್ತಕದ 51 ನಮಗಲ್ಲ. 11ನೇ ತಿಂಗಳಲ್ಲಿ ಒಮ್ಮೆ ಬಂದರೆ ಎಣಿಕೆ ಮತ್ತೆ ಒಂದರಿಂದ.

ಯಗಚಿ, ಬೇಲೂರು (ಲ್ಯಾಬ್ ಟೆಕ್ನಿಷಿಯನ್)

ಡಾಕ್ಟ್ರು ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ಒಂದೆರಡು ಮಾತು.

ಎಫ್‌ಎಸ್‌ಎಚ್ ಬೇಕೇಬೇಕು ಅಂತ ಬರೆದುಕೊಟ್ಟಿದ್ರೆ ಮುಟ್ಟಿನ 2ರಿಂದ 5ನೇ ದಿನದೊಳಗೆ ರಕ್ತ ಕೊಡಿ, ಜೊತೆಗೆ ಅಂಡಾಶಯದ ಹಾರ್ಮೋನ್ ಎಸ್ಟ್ರಡಯಾಲ್ ಕೂಡ ನೋಡಿಸಿ. ಎಸ್ಟ್ರಡಯಾಲ್ ಏರಿದ್ದರೆ ಅದು ಎಫ್‌ಎಸ್‌ಎಚ್ಚನ್ನ ಅದುಮಿ ಇಡುತ್ತೆ, ವರದಿಯಲ್ಲಿ ಎಲ್ಲ ಸರಿ ಇದ್ದ ಹಾಗೆ ಕಾಣುತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ತಿರೋರಿಗೆ ಎಫ್‌ಎಸ್‌ಎಚ್ ಮಾಡಿಸಿದ್ರೆ ಆ ವರದಿಗೆ ಅರ್ಥವಿಲ್ಲ. ಮೆಡಿಕಲ್‌ಗಳಲ್ಲಿ ಸಿಗೋ ಮೂತ್ರದ ‘ಮೆನೋಪಾಸ್ ಕಿಟ್’ ಕೂಡ ಹೇಳೋದು ಇದೇ ಎಫ್‌ಎಸ್‌ಎಚ್, ಅದೂ ಆ ಹೊತ್ತಿನದು ಮಾತ್ರ.

ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗೋರು ಈಗ ಜಾಸ್ತಿ. ಹೆಚ್ಚು ಡೋಸಿನ ಬಯೋಟಿನ್ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತೆ. ಥೈರಾಯ್ಡ್ ತೊಂದರೆಯೇ ಇಲ್ಲದೋರಿಗೆ ಥೈರಾಯ್ಡ್ ಹೆಚ್ಚಾಗಿದೆ ಅಂತ ವರದಿ ಬಂದುಬಿಡುತ್ತೆ. ರಕ್ತ ಕೊಡೋಕೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ, ಲ್ಯಾಬಲ್ಲೂ ಹೇಳಿ. ಕೇಳದೆ ಯಾರೂ ಹೇಳಲ್ಲ, ಅದನ್ನ ಔಷಧಿ ಅಂತಲೇ ಯಾರೂ ಲೆಕ್ಕಕ್ಕೆ ತಗೊಳಲ್ಲ.

ಶುಂಠಿಕಷಾಯ

ಹಾಗಾದ್ರೆ ಎಎಂಎಚ್, ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿದೆ ಅಂತ ಅಂದಾಜು ಮಾಡೋ ರಕ್ತದ ಟೆಸ್ಟು? ‘ಯಾವಾಗ ನಿಲ್ಲುತ್ತೆ ಅಂತ ಮೊದಲೇ ತಿಳಿಯಿರಿ’ ಅಂತ ಅದರ ಜಾಹೀರಾತು ಬರ್ತಿದೆ.

ಹೇಮಾವತಿ, ಹಾಸನ

ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡುವವರಿಗೆ ಎಷ್ಟು ಅಂಡ ಸಿಗಬಹುದು ಎಂದು ಅಂದಾಜಿಸಲು ಅದು ಬೇಕು. ಒಬ್ಬ ಹೆಂಗಸಿಗೆ ಇಂಥ ವರ್ಷ ನಿಲ್ಲುತ್ತದೆ ಎಂದು ಹೇಳುವಷ್ಟು ನಿಖರವಲ್ಲ.

ಟೆಸ್ಟ್ ನಿಜವಾಗಿ ಬೇಕಾಗುವುದು ಚಿಕ್ಕ ವಯಸ್ಸಿನವರಿಗೆ. 40ರೊಳಗೆ ಮುಟ್ಟು ನಾಲ್ಕು ತಿಂಗಳಿಂದ ಬಂದಿಲ್ಲ ಅಥವಾ ಪೂರ್ತಿ ದಾರಿ ತಪ್ಪಿದೆ ಎಂದರೆ ‘ಬೇಗ ನಿಂತಿತು, ಒಳ್ಳೆಯದೇ ಆಯಿತು’ ಎಂದು ಸುಮ್ಮನಿರಬಾರದು. ಎಫ್‌ಎಸ್‌ಎಚ್ 25 ದಾಟಿದ್ದರೆ ಅವಧಿಗೆ ಮುಂಚೆ ಅಂಡಾಶಯ ಸೋತಿದೆಯೇ ಎಂದು ನೋಡಬೇಕು. ಅನುಮಾನವಿದ್ದರೆ 4ರಿಂದ 6 ವಾರ ಬಿಟ್ಟು ಮತ್ತೊಮ್ಮೆ. ಅವರಿಗೆ ಮೂಳೆ, ಹೃದಯ ಎರಡರ ರಕ್ಷಣೆಗೂ ಚಿಕಿತ್ಸೆ ಬೇಕು. 40–45ರವರಿಗೂ ಟೆಸ್ಟ್ ಮಾಡಿಸುವುದುಂಟು.

ಎಲ್ಲಕ್ಕೂ ಮೊದಲು 50 ರೂಪಾಯಿಯ ಒಳಗಿನ ಮೂತ್ರದ ಗರ್ಭಪರೀಕ್ಷೆ ಕಾರ್ಡು. 46 ವರ್ಷಕ್ಕೆ ಎರಡು ತಿಂಗಳು ತಪ್ಪಿದರೆ ‘ನಿಲ್ಲುತ್ತಿದೆ’ ಎನ್ನುವ ಮುಂಚೆ ಅದನ್ನು ನೋಡಿ. ನಿಂತ ಮೇಲೂ 50ರ ಒಳಗಿನವರು 2 ವರ್ಷ, 50 ದಾಟಿದವರು 1 ವರ್ಷ ಗರ್ಭನಿರೋಧಕ ಮುಂದುವರಿಸಬೇಕು.

ಔಷಧಂಗಡಿ, ಚಿಕ್ಕಮಗಳೂರು

ನಮೂನೆಯಲ್ಲಿ ‘ಮುಂದಕ್ಕೆ ಹಾಕೋ ಮಾತ್ರೆ’ಗೆ ಒಂದು ಗುರುತು ಖಂಡಿತ ಇಡಿ. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ನೊರೆಥಿಸ್ಟರೋನ್ ಕೇಳಿಕೊಂಡು ಬರೋರು ಒಬ್ಬಿಬ್ಬರಲ್ಲ. ಗೃಹಪ್ರವೇಶ, ಮದುವೆ, ತಿರುಪತಿ ಎಲ್ಲದಕ್ಕೂ ಅದೇ. 5 ಮಿಲಿಗ್ರಾಂ, ದಿನಕ್ಕೆ ಮೂರು, ಮುಟ್ಟು ಬರೋಕೆ 3 ದಿನ ಮುಂಚೆ ಶುರು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಆಗುತ್ತೆ. ಅದು ಅಂಡಾಶಯ ತಂದ ಮುಟ್ಟಲ್ಲ, ಮಾತ್ರೆ ನಿಂತಿದ್ದಕ್ಕೆ ಬಂದದ್ದು. ಆ ಚಕ್ರಾನ 41 ದಿನ ಅಂತ ಬರೆದು ‘ಏರುಪೇರು ಶುರುವಾಯ್ತು’ ಅಂದ್ಕೊಂಡ್ರೆ ಲೆಕ್ಕ ಪೂರ್ತಿ ಕೆಡುತ್ತೆ. ಪಕ್ಕದಲ್ಲಿ ‘ಮಾ’ ಅಂತ ಬರೀರಿ, ಆ ಚಕ್ರ ಬಿಟ್ಟು ಆ ಸ್ರಾವದಿಂದ ಹೊಸದಾಗಿ ಎಣಿಸಿ.

ಇನ್ನೊಂದು, ಈ ವಯಸ್ಸಲ್ಲಿ ಮುಟ್ಟು ಯಾವಾಗ ಬರುತ್ತೆ ಅಂತಲೇ ಗೊತ್ತಿರಲ್ಲ, 3 ದಿನ ಮುಂಚೆ ಅಂದ್ರೆ ಯಾವತ್ತಿಂದ? ಹಾಗಾಗಿ 15–20 ದಿನ ನುಂಗಿ, ನಡುವೆ ತೊಟ್ಟಿಕ್ಕಿ, ಕೊನೆಗೆ ಧಾರಾಳ ಹೋಗುತ್ತೆ. ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರೋರು, ಕಾರಣ ಗೊತ್ತಿಲ್ಲದ ಸ್ರಾವ ಇರೋರು ಈ ಮಾತ್ರೆ ಮುಟ್ಟಲೇಬಾರದು. ಚೀಟಿ ಇಲ್ಲದೆ ಕೊಡೋ ಅಂಗಡಿಯವರಿಗೂ ಈ ಮಾತು.

ಕಾಫಿಹೂವು, ಮೂಡಿಗೆರೆ

ಸರಿ. ಸ್ರಾವದ ಪ್ರಮಾಣ ಹೇಗೆ ಬರೆಸೋದು? ‘ಜಾಸ್ತಿ’, ‘ಕಮ್ಮಿ’ ಅಂದ್ರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ.

ಸಿಸ್ಟರ್, ಅರಕಲಗೂಡು

ಅಂಕ ಹಾಕಿಸಿ ಅಕ್ಕ. 1990ರಲ್ಲಿ ಬ್ರಿಟನ್ನಿನಲ್ಲಿ ಮಾಡಿದ ಚಿತ್ರಪಟ್ಟಿ ಇದೆ, ಅದರ ಲೆಕ್ಕ ಸುಲಭ. ಸ್ವಲ್ಪ ಕಲೆಯಾದ ಪ್ಯಾಡಿಗೆ 1, ಅರ್ಧದಷ್ಟು ಆದದ್ದಕ್ಕೆ 5, ಪೂರ್ತಿ ತೊಯ್ದದ್ದಕ್ಕೆ 20. ಸಣ್ಣ ಹೆಪ್ಪಿಗೆ 1, ದೊಡ್ಡ ನಾಣ್ಯದಷ್ಟಿದ್ದರೆ 5. ಆ ಮುಟ್ಟಿನ ಒಟ್ಟು 100 ದಾಟಿದ್ರೆ ಹೆಚ್ಚುಕಮ್ಮಿ 80 ಮಿಲಿ ರಕ್ತ ಹೋಯ್ತು ಅಂತ.

ಹೀಗೆ ಅಂದ್ಕೊಳ್ಳಿ. ಮೊದಲ ದಿನ ಅರ್ಧ ಆದ ಪ್ಯಾಡ್ 3, ಅಂದ್ರೆ 15. ಎರಡನೇ ದಿನ ಪೂರ್ತಿ ತೊಯ್ದದ್ದು 4, ಅರ್ಧದ್ದು 2: 80ಕ್ಕೆ 10 ಸೇರಿ 90. ಅವತ್ತೇ ದೊಡ್ಡ ಹೆಪ್ಪು ಎರಡು, 10. ಮೂರನೇ ದಿನ ಪೂರ್ತಿದು 1, ಅರ್ಧದ್ದು 3, ಅಲ್ಲಿಗೆ 35. ನಾಲ್ಕು, ಐದನೇ ದಿನ ಸೇರಿ ಬರೀ ಕಲೆಯ ಪ್ಯಾಡ್ 5, ಅಂದ್ರೆ 5. ಒಟ್ಟು 155. ಬಾಯಲ್ಲಿ ಕೇಳಿದ್ರೆ ಇದೇ ಹೆಂಗಸು ‘ಐದು ದಿನ, ಮಾಮೂಲಿ’ ಅಂತಾಳೆ! ನೋಡಿ, ಇಡೀ ಲೆಕ್ಕ ಎರಡನೇ ದಿನದ ಮೇಲೆ ನಿಂತಿದೆ. ಅದಕ್ಕೇ ದಿನ ಎಷ್ಟು ಅನ್ನೋದಕ್ಕಿಂತ ಆ ದಿನ ಏನಾಯ್ತು ಅಂತ ಕೇಳಬೇಕು.

ಗಂಟೆಗೊಂದು ಪ್ಯಾಡ್ ತೊಯ್ದು, ಎರಡು ಗಂಟೆ ಬಿಡದೆ ಹಾಗೇ ಆದ್ರೆ, ಅಥವಾ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದ್ರೆ, ಅಂಕ ಎಣಿಸ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಯಗಚಿ, ಬೇಲೂರು

ಒಂದು ತಿದ್ದುಪಡಿ ಸಿಸ್ಟರ್. ಆ ಅಂಕ ಹಳೇ ಕಾಲದ ಹತ್ತಿ ಪ್ಯಾಡಿಗೆ ಮಾಡಿದ್ದು. ಈಗಿನ ಜೆಲ್ ಇರೋ ದೊಡ್ಡ ಪ್ಯಾಡ್ ಹೆಚ್ಚು ಹೀರುತ್ತೆ, ‘ಅರ್ಧ’ ಅನ್ನೋದರಲ್ಲೇ ಜಾಸ್ತಿ ಇರುತ್ತೆ. ಬ್ರ್ಯಾಂಡ್ ಬದಲಾಯಿಸದೆ ಒಂದೇ ಥರದ್ದು ಬಳಸಿ, ಹೋದ ತಿಂಗಳಿಗೆ ಈ ತಿಂಗಳು ಹೋಲಿಸಿದ್ರೆ ಸರಿ. ಕಪ್ ಬಳಸೋರು ಗೆರೆ ನೋಡಿ ಮಿಲಿ ಬರೆಯಬಹುದು, ಆದ್ರೆ ಅದರಲ್ಲಿ ಇರೋದೆಲ್ಲ ರಕ್ತ ಅಲ್ಲ.

100 ದಾಟಿದೋರು ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಟೆಸ್ಟು) ಮಾಡಿಸಲಿ. ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ಅದು 12.3 ಇದ್ದು ಫೆರಿಟಿನ್ 11 ಇರೋ ವರದಿಗಳೂ ಬರ್ತವೆ: ಕಬ್ಬಿಣದ ಉಗ್ರಾಣ ಖಾಲಿ, ಅಂಗಡಿ ಇನ್ನೂ ತೆರೆದಿದೆ. ಸುಸ್ತು, ಎದೆ ಡವಡವ, ಕೂದಲು ಉದುರೋದು ಇವೆಲ್ಲ ಅದರಿಂದಲೂ ಬರುತ್ತೆ, ಎಲ್ಲದಕ್ಕೂ ‘ಹಾರ್ಮೋನ್’ ಅನ್ನಬೇಡಿ. ಕಬ್ಬಿಣ ಕಮ್ಮಿ ಇದ್ದಾಗ ಸಕ್ಕರೆಯ ಮೂರು ತಿಂಗಳ ಟೆಸ್ಟು ಎಚ್‌ಬಿಎ1ಸಿ ಸುಳ್ಳೇ ಜಾಸ್ತಿ ತೋರಿಸಬಹುದು, ರಕ್ತ ಏರಿಸಿದ ಮೇಲೆ ಅದನ್ನ ನಂಬೋಕಾಗಲ್ಲ. ಖಾಲಿಹೊಟ್ಟೆ ಮತ್ತು ಊಟದ 2 ಗಂಟೆ ನಂತರದ ಸಕ್ಕರೆ ನೋಡಿಸಿ.

ಔಷಧಂಗಡಿ, ಚಿಕ್ಕಮಗಳೂರು

ಕಾಫಿ ವಿಷಯ ಹೇಳದೆ ಹೋದ್ರೆ ನಮ್ಮ ಜಿಲ್ಲೆಗೆ ಅವಮಾನ. ಥೈರಾಯ್ಡ್ ಮಾತ್ರೆ ನುಂಗಿ, ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ ಕುಡಿದ್ರೆ ಮಾತ್ರೆ ಮೈಗೆ ಸರಿಯಾಗಿ ಹಿಡಿಯಲ್ಲ. ಟಿಎಸ್‌ಎಚ್ ಇಳಿಯಲ್ಲ, ಡಾಕ್ಟ್ರು ಡೋಸ್ ಏರಿಸ್ತಾರೆ. ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ 4 ಗಂಟೆ ಅಂತರ. ಕಬ್ಬಿಣದ ಮಾತ್ರೆ ಕೂಡ ಕಾಫಿ, ಟೀ ಜೊತೆ ಬೇಡ, ನಿಂಬೆ ಪಾನಕದ ಜೊತೆ ಆಗಬಹುದು. ದಿನ ಬಿಟ್ಟು ದಿನ ಕೊಟ್ರೆ ಹೊಟ್ಟೆ ಕೆಡೋದು ಕಮ್ಮಿ, ಪ್ರತಿ ಮಾತ್ರೆಯಿಂದ ಹೀರೋದೂ ಜಾಸ್ತಿ ಅಂತ ತಿಳಿದುಬಂದಿದೆ. ಮಲ ಕಪ್ಪಾಗುತ್ತೆ, ಹೆದರಬೇಡಿ.

ವಿಟಮಿನ್ ಡಿ 60,000 ಐಯು ವಾರಕ್ಕೊಂದು. ದಿನಕ್ಕೊಂದು ಅಲ್ಲ! ಕವರ್ ಮೇಲೆ ‘ಭಾನುವಾರ’ ಅಂತ ದೊಡ್ಡದಾಗಿ ಬರೆದುಕೊಡಬೇಕು. ದಿನಾ ನುಂಗಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ ಅಂತ ಅಡ್ಮಿಟ್ ಆಗೋದುಂಟು.

ಮುದ್ದೆಸೊಪ್ಪು, ಚನ್ನರಾಯಪಟ್ಟಣ (ಆಹಾರ ತಜ್ಞೆ)

ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮೇಲೆ 1200. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 364 ಇದೆ. ಒಂದು ಒಳ್ಳೆ ಮುದ್ದೆ ಅಂದರೆ ಅಷ್ಟೇ ಹಿಟ್ಟು. 200 ಮಿಲಿ ಹಾಲಿಗೆ 240ರ ಹತ್ತಿರ. ದಂಟಿನ ಸೊಪ್ಪು, ನುಗ್ಗೆಸೊಪ್ಪು 100 ಗ್ರಾಂಗೆ 300 ದಾಟುತ್ತವೆ. ಹಾಸನದ ಬಯಲುಸೀಮೆ ಕಡೆ ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಇದ್ದರೆ ಸಾವಿರದ ಹತ್ತಿರ ಬರುತ್ತದೆ. ಮಲೆನಾಡಿನಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು ಆದರೆ ಅರ್ಧವೂ ಆಗುವುದಿಲ್ಲ, ಕಾಫಿಗೆ ಹಾಕುವ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಅದರಲ್ಲಿನ, ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಕಡಿಮೆಯಾಗಿ ಹೆಚ್ಚು ದಕ್ಕುತ್ತದೆ. ಮಾತ್ರೆ ಬೇಕಾದರೆ ಒಂದು ಸಲಕ್ಕೆ 500 ಮೀರದಂತೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಾದರೆ ಊಟದ ಜೊತೆ.

ಶುಂಠಿಕಷಾಯ

ಮೂಳೆ ಟೆಸ್ಟ್ ಶಿಬಿರದಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ‘ಮೂಳೆ ಸವೆದಿದೆ’ ಅಂತ ಚೀಟಿ ಕೊಡ್ತಾರಲ್ಲ?

ಹೇಮಾವತಿ, ಹಾಸನ

ಹಿಮ್ಮಡಿಯ ಅಲ್ಟ್ರಾಸೌಂಡಿನಿಂದ ಅದನ್ನು ನಿರ್ಧರಿಸಲಾಗದು. ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಕೊನೆಯ ಮುಟ್ಟಿನ ಆಚೀಚೆಯ ಎರಡು ಮೂರು ವರ್ಷಗಳಲ್ಲಿ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ನಮೂನೆಯಲ್ಲಿ ಎತ್ತರಕ್ಕೊಂದು ಸಾಲು ಕೊಡಿ. ವರ್ಷಕ್ಕೊಮ್ಮೆ ಗೋಡೆಗೆ ಒರಗಿ ನಿಂತು ಅಳೆಯಲಿ. ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಕುಸಿದಿದ್ದರೆ ಬೆನ್ನುಮೂಳೆ ಗೊತ್ತಾಗದಂತೆ ಮುರಿದಿರಬಹುದು.

ಮೈ ಝಳಕ್ಕೂ ಅಂಕವಿದೆ. ಬರೀ ಬಿಸಿ, ಬೆವರಿಲ್ಲ: 1. ಬೆವರೂ ಬಂತು, ಆದರೆ ಕೈಗೆತ್ತಿಕೊಂಡ ಕೆಲಸ ನಿಲ್ಲಲಿಲ್ಲ: 2. ಕೆಲಸ ಬಿಟ್ಟು ಕೂರಬೇಕಾಯಿತು: 3. ಹಗಲು ಎಷ್ಟು, ರಾತ್ರಿ ಎದ್ದದ್ದು ಎಷ್ಟು ಎಂದು ಬೇರೆಬೇರೆ ಬರೆಯಲಿ. ತಿಂಗಳಿಡೀ ಬೇಡ, ತಿಂಗಳಲ್ಲಿ ಒಂದು ವಾರ ಸಾಕು, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ಸಿಸ್ಟರ್, ಅರಕಲಗೂಡು

ಕಾಫಿ ಕೊಯ್ಲಿನ ಬಿಸಿಲಿನ ಬೆವರನ್ನ ಇದಕ್ಕೆ ಸೇರಿಸಬೇಡಿ. ಝಳ ಎದೆ, ಕುತ್ತಿಗೆಯಿಂದ ಮುಖಕ್ಕೆ ಏರುತ್ತೆ, ಒಂದರಿಂದ ಐದು ನಿಮಿಷ, ಆಮೇಲೆ ಚಳಿ ಚಳಿ. ಥರ್ಮಾಮೀಟರ್ 100.4 ತೋರಿಸಿದ್ರೆ ಅದು ಜ್ವರ, ಝಳ ಅಲ್ಲ. ಡಿಸೆಂಬರ್‌ನಿಂದ ಮೇ ತನಕ ಕೊಪ್ಪ, ನರಸಿಂಹರಾಜಪುರ ಕಡೆಯವರು ಜ್ವರ ಬಂದ್ರೆ ಮಂಗನ ಕಾಯಿಲೆ ನೆನಪಿಟ್ಕೊಳ್ಳಿ, ಉಣ್ಣೆ ಕಚ್ಚಿತ್ತಾ ನೋಡ್ಕೊಳ್ಳಿ. ಸಂಜೆ ಜ್ವರ, ತೂಕ ಇಳಿಯೋದು, ಕೆಮ್ಮು, ರಾತ್ರಿ ಬೆವರು ಇದ್ರೆ ಕ್ಷಯಕ್ಕೆ ಕಫ ಪರೀಕ್ಷೆ.

ಶುಂಠಿಕಷಾಯ

ಗರ್ಭಕೋಶ ತೆಗೆಸಿದೋರು ಏನು ಬರೀಬೇಕು? ತಾರೀಕೇ ಇಲ್ವಲ್ಲ.

ಹೇಮಾವತಿ, ಹಾಸನ

ಮೊದಲು ಡಿಸ್ಚಾರ್ಜ್ ಚೀಟಿ ಹುಡುಕಿ. ‘ಬಿಎಸ್‌ಒ’ ಎಂದಿದ್ದರೆ ಎರಡೂ ಅಂಡಾಶಯ ಹೋಗಿವೆ, ಋತುಬಂಧ ಅವತ್ತೇ ಆಯಿತು. 45ರೊಳಗೆ ಹಾಗಾಗಿದ್ದರೆ, ಅಡ್ಡಿಯೇನೂ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದು ವಾಡಿಕೆ. ಬರೀ ‘ಟಿಎಎಚ್’ ಇದ್ದರೆ ಗರ್ಭಕೋಶ ಮಾತ್ರ ಹೋಗಿದೆ. ಝಳ, ನಿದ್ದೆ, ಉರಿಮೂತ್ರದ ಕಲಂ ಬರೆಯುತ್ತಾ ಹೋಗಿ, ಅಂಡಾಶಯ ಸೋಲುವುದು ಅಲ್ಲಿ ಕಾಣುತ್ತದೆ. ಕೊಂಚ ಬೇಗವೇ ಸೋಲಬಹುದು.

ಹಾರ್ಮೋನ್ ಚಿಕಿತ್ಸೆಯ ಬಗ್ಗೆಯೂ ಎರಡು ಸಾಲು. ಅದರಿಂದ ಅಪಾಯವಿದೆ ಎಂದ 2002ರ ಅಮೆರಿಕದ ಡಬ್ಲ್ಯುಎಚ್‌ಐ ಅಧ್ಯಯನ ಕೇಳಿ ಎಲ್ಲರೂ ಬೆಚ್ಚಿದರು. ಅದರಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ಯಾರಿಗೂ ತಲುಪಲಿಲ್ಲ. 60ರೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡುವವರಲ್ಲಿ, ಝಳ ಜೋರಿದ್ದರೆ, ಸಾಮಾನ್ಯವಾಗಿ ಲಾಭವೇ ಹೆಚ್ಚು. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡಬಾರದು, ಪ್ರೊಜೆಸ್ಟರೋನ್ ಜೊತೆಗಿರಬೇಕು, ಇಲ್ಲದಿದ್ದರೆ ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿ. ಚರ್ಮಕ್ಕೆ ಹಚ್ಚುವ ಜೆಲ್ಲಿನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಲಕ್ವ ಹೊಡೆದಿದ್ದವರಿಗೆ, ಕಾರಣ ತಿಳಿಯದ ಸ್ರಾವ ಇರುವವರಿಗೆ ಕೊಡುವುದಿಲ್ಲ.

ನಮೂನೆಯ ತಳದಲ್ಲಿ ಕೆಂಪಕ್ಷರದಲ್ಲಿ ಒಂದು ಮಾತು: 12 ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ‘ಮತ್ತೆ ಮುಟ್ಟಾದೆ’ ಎಂದು ನಗುವ ವಿಷಯವಲ್ಲ. ಇಂಥವರಲ್ಲಿ ಹತ್ತಕ್ಕೆ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ, ಬೇಗ ಸಿಕ್ಕಿದರೆ ಗುಣವಾಗುವಂಥದ್ದು. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಪದರ 4 ಮಿಲಿಮೀಟರ್ ಮೀರಿದ್ದರೆ ಅಥವಾ ಸ್ರಾವ ಮರುಕಳಿಸಿದರೆ ಬಯಾಪ್ಸಿ. ತಾಲ್ಲೂಕಿನಲ್ಲಿ ಆಗದಿದ್ದರೆ ಹಾಸನದ ಹಿಮ್ಸ್‌ಗೆ ಅಥವಾ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಬರೆಸಿಕೊಳ್ಳಿ. ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ ಗರ್ಭಕೊರಳನ್ನು ಪರೀಕ್ಷಿಸಬೇಕು. ತೊಂದರೆ ಇಲ್ಲದಿದ್ದರೂ 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಆ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ.

ಕಾಫಿಹೂವು, ಮೂಡಿಗೆರೆ

ಕಲಂ ಆರು ಮಾಡ್ತೀವಿ: ಮೊದಲ ದಿನದ ತಾರೀಕು, ಚಕ್ರದ ದಿನ, ಸ್ರಾವದ ಅಂಕ, ಝಳ, ರಾತ್ರಿ ಎದ್ದದ್ದು, ಮಾತ್ರೆ. ಎತ್ತರ, ಬಿಪಿ, ತೂಕ ಪುಟದ ಹಿಂದೆ. ಒಂದೇ ಅನುಮಾನ ಉಳೀತು. ಲೈನ್‌ನಲ್ಲಿ ವಯಸ್ಸಾದೋರು ಈಗಲೂ ಹಳೇ ಸೀರೆ ಬಟ್ಟೆ ಬಳಸ್ತಾರೆ. ಅವರಿಗೆ ಈ 1, 5, 20 ಹೊಂದಲ್ಲ.

ಸಿಸ್ಟರ್, ಅರಕಲಗೂಡು

ಅವರಿಗೆ ಅಂಕ ಬಿಡಿ. ನಾಲ್ಕು ಪ್ರಶ್ನೆ, ಹೌದಾದ್ರೆ ಒಂದು ಗೀಟು: ಎರಡು ಗಂಟೆಯೊಳಗೆ ಬಟ್ಟೆ ಬದಲಾಯಿಸಬೇಕಾಯ್ತಾ, ಬದಲಾಯಿಸೋಕೆ ಅಂತಲೇ ರಾತ್ರಿ ಎದ್ರಾ, ಉಟ್ಟ ಸೀರೆಗೆ ಕಲೆ ದಾಟ್ತಾ, ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬಿತ್ತಾ. ಎರಡು ಗೀಟು ಬಿದ್ದ ತಿಂಗಳು ಹಿಮೋಗ್ಲೋಬಿನ್ ನೋಡಿಸಿ. ಅದ್ರಿಂದ ಕೂಲಿಗೆ ಹೋಗೋಕಾಗದೆ ಮನೇಲಿ ಉಳಿದಿದ್ರೆ ಗೀಟು ಒಂದೂ ಇಲ್ಲದಿದ್ರೂ ಡಾಕ್ಟರ ಹತ್ರ ಕಳಿಸಿ. ನಾಣ್ಯ ಅಂದಾಗ ಯಾವುದು ಅಂತ ಹೇಳಿ, ಐದು ರೂಪಾಯಿದು. ಇಲ್ಲಾಂದ್ರೆ ಒಬ್ಬರು ಎಂಟಾಣೆ ನೆನೆಸ್ಕೋತಾರೆ, ಇನ್ನೊಬ್ಬರು ಹತ್ತು ರೂಪಾಯಿ.